ಕನ್ನಿಮೂಲೆಯಿಂದ ಶುರುವಾದ ಗೋಡೆ

ಪೂವಪ್ಪನವರು ಬಹರೈನಿನಲ್ಲಿ ಇಪ್ಪತ್ತಾರು ವರ್ಷ ಇದ್ದರು. ಅಲ್ಲಿ ಎಂತ ಕೆಲಸ ಎಂದು ಯಾರಾದರೂ ಕೇಳಿದರೆ "ಕನ್‌ಸ್ಟ್ರಕ್ಷನ್" ಎನ್ನುತ್ತಿದ್ದರು. ಕೇಳಿದವರು ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ಸೊಸೆ ಅಶ್ಮಿತಾ ಮಾತ್ರ ಮದುವೆಯಾದ ಹೊಸತರಲ್ಲಿ ಕಪಾಟು ಒರೆಸುವಾಗ ಅವರ ಹಳೆಯ ಕಂಪೆನಿ ಕಾರ್ಡು ನೋಡಿದ್ದಳು. ಸ್ಟೋರ್ ಅಸಿಸ್ಟೆಂಟ್ ಎಂದಿತ್ತು. ಅಂದರೆ ಕಟ್ಟುವವರಿಗೆ ಕೈಗವಸು, ಬೋಲ್ಟು, ಮೊಳೆ ತೆಗೆದುಕೊಟ್ಟು ಸಹಿ ಹಾಕಿಸಿಕೊಳ್ಳುವುದು. ಆ ಕೆಲಸದಲ್ಲಿ ಸಣ್ಣತನ ಏನೂ ಇಲ್ಲ, ಅದರಿಂದಲೇ ಈ ಮನೆ ಉಂಡದ್ದು. ಆದರೆ ಇಪ್ಪತ್ತಾರು ವರ್ಷ ಮೊಳೆ ಹಂಚಿದವರಿಗೆ ಗೋಡೆ ಕಟ್ಟಲು ಬರುತ್ತದೆ ಎನ್ನುವುದು, ಬಂದರಿನಲ್ಲಿ ಅಕ್ಕಿ ಮೂಟೆ ಹೊತ್ತವನಿಗೆ ನೀರುದೋಸೆ ಹೊಯ್ಯಲು ಬರುತ್ತದೆ ಎಂದ ಹಾಗೆ.

ಊರಿಗೆ ಬರುವಾಗ ಅವರು ಒಂದು ಬಿಳಿ ಹೆಲ್ಮೆಟ್ ತಂದಿದ್ದರು. ಅಲ್ಲಿ ಬಿಳಿ ಹೆಲ್ಮೆಟ್ ಇಂಜಿನಿಯರುಗಳಿಗೆ, ಸ್ಟೋರಿನವರಿಗೆ ನೀಲಿ. ಕೆಲಸ ಬಿಟ್ಟು ಹೋದ ಯಾವನೋ ಇಂಜಿನಿಯರ್ ಮರೆತು ಹೋದದ್ದು ಇವರ ಸೂಟ್‌ಕೇಸಿಗೆ ಸೇರಿತ್ತು. ನಂತೂರು ಸರ್ಕಲಿನಿಂದ ಒಳಗೆ ತಿರುಗುವ ಅವರ ಓಣಿಯಲ್ಲಿ ಯಾರೇ ಕಾಂಪೌಂಡು ಕಟ್ಟಲಿ, ಪೂವಪ್ಪನವರು ಹೆಲ್ಮೆಟ್ ಹಾಕಿಕೊಂಡು, ಕೈ ಹಿಂದೆ ಕಟ್ಟಿಕೊಂಡು ಅಲ್ಲಿ ಹಾಜರು. ಕೆಳಗೆ ಲುಂಗಿ, ಮೇಲೆ ಇಂಜಿನಿಯರು. ನಡುವೆ ಹೊಟ್ಟೆ.

ಇಂಥವರಿಗೆ ಸ್ವಂತ ಮನೆ ಕಟ್ಟುವ ಸಂದರ್ಭ ಬಂತು.

ಹಳೆಯ ಹೆಂಚಿನ ಮನೆಯ ಗೋಡೆಗಳಲ್ಲಿ ಕಪ್ಪು ಬೂಷ್ಟು. ಅಶ್ಮಿತಾಳ ಮಗಳು ಪುಟ್ಟಿಗೆ ಆಗ ಒಂಬತ್ತು ತಿಂಗಳು. ಅಷ್ಟರಲ್ಲಿ ಎರಡು ಸಲ ಫಳ್ನೀರಿನ ಆಸ್ಪತ್ರೆಯಲ್ಲಿ ಮಲಗಿ ಬಂದಾಗಿತ್ತು. ಎರಡನೆಯ ಸಲ ಡಾಕ್ಟರು ಚೀಟಿ ಬರೆಯುವುದನ್ನು ನಿಲ್ಲಿಸಿ ಹೇಳಿದ್ದರು: "ಔಷಧ ನಾನು ಕೊಡಬಹುದಮ್ಮ. ಒದ್ದೆ ಗೋಡೆಯ ಪಕ್ಕದಲ್ಲಿ ಮಲಗಿಸಿದರೆ ಮತ್ತೆ ಇಲ್ಲಿಗೇ ಬರ್ತೀರಿ. ಈ ಮಳೆಗಾಲ ಆ ಮನೆಯಲ್ಲಿ ಬೇಡ."

ಅಂದಿನಿಂದ ಅಶ್ಮಿತಾಳಿಗೆ ಊಟ ಸೇರಲಿಲ್ಲ. ಮಗು ಮಲಗಿದಾಗ ಎದೆ ಏರಿಳಿಯುವುದನ್ನು ಫೋನಿನ ಗಡಿಯಾರ ಹಿಡಿದು ಲೆಕ್ಕ ಹಾಕುವುದು, ಹೆಚ್ಚು ಬಂದರೆ ಗಾಬರಿ, ಕಡಿಮೆ ಬಂದರೆ ಇನ್ನೂ ಗಾಬರಿ. ಹೊಸ ಮನೆಯಾಗಲಿ, ಕೊಟ್ಟಿಗೆಯಾಗಲಿ, ಜೂನ್ ಬರುವ ಮೊದಲು ಒಣಗಿದ ನಾಲ್ಕು ಗೋಡೆ ಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ಹಿತ್ತಿಲಿನಲ್ಲಿ ನಾಲ್ಕು ಸೆಂಟ್ಸ್ ಜಾಗ ಇತ್ತು. ಕಲ್ಲು ಕಟ್ಟಿ ಮುಗಿಸಲು ಸಮಯ ಇಲ್ಲ. ಹಾಗಾಗಿ ಕಬ್ಬಿಣದ ಕಂಬ ನಿಲ್ಲಿಸಿ ಶೀಟಿನ ಮನೆ ಮಾಡುವುದೆಂದಾಯಿತು. ಕೆಲಸಕ್ಕೆ ಸಿಕ್ಕಿದವನು ರುಡೊಲ್ಫ್. ಐವತ್ತು ದಾಟಿದ ವೆಲ್ಡರ್, ಮಾತು ಕಮ್ಮಿ, ತೂಗುಗುಂಡು ಇಳಿಬಿಟ್ಟನೆಂದರೆ ಅದು ಅಲ್ಲಾಡುವುದು ನಿಲ್ಲುವವರೆಗೆ ಉಸಿರನ್ನೂ ಹಿಡಿಯುವ ಜನ. ಹನ್ನೆರಡು ದಿನದಲ್ಲಿ ಕಂಬ ನಿಂತು ಮೇಲೆ ಛಾವಣಿ ಆಯಿತು. ಆಮೇಲೆ ಹೊರಗೋಡೆಯ ಚೌಕಟ್ಟು. ಕಂಬದಿಂದ ಕಂಬಕ್ಕೆ, ಕೆಳಗಿನಿಂದ ಮೇಲಿನವರೆಗೆ ಸಾಲು ಸಾಲಾಗಿ ಅಡ್ಡ ಪೈಪು. ಕಿಟಕಿ ಬರುವಲ್ಲಿ ಬೇರೆ ಚೌಕ. ಅಡ್ಡ ಪೈಪಿಗೆ ಹೊರಗಿನಿಂದ ಬಣ್ಣದ ಶೀಟು, ಒಳಗಿನಿಂದ ಸಿಮೆಂಟ್ ಬೋರ್ಡು.

ಪೂವಪ್ಪನವರು ಪ್ಲಾಸ್ಟಿಕ್ ಕುರ್ಚಿ ತರಿಸಿ ತೆಂಗಿನ ಮರದ ಬುಡದಲ್ಲಿ ಹಾಕಿಸಿಕೊಂಡರು. ಕೊಡೆಯ ತುದಿಯಿಂದ ಪ್ರತಿ ಪೈಪಿಗೂ ಟಣ್ ಎಂದು ಹೊಡೆದು ಕಿವಿಗೊಡುತ್ತಿದ್ದರು. ಎಂತ ಕೇಳಿಸುತ್ತಿತ್ತೋ ದೇವರೇ ಬಲ್ಲ.

"ಪೊರ್ಬುಲೆ, ಅಡ್ಡ ಪೈಪು ಎಷ್ಟು ಸಾಲು?" ಕ್ರಿಶ್ಚಿಯನ್ ಗಂಡಸರನ್ನು ಆ ಓಣಿಯ ಹಳಬರು ಕರೆಯುವುದೇ ಹಾಗೆ.

"ಆರು, ಪೂವಪ್ಪಣ್ಣ."

"ಸಮಸಂಖ್ಯೆ ಆಗುದಿಲ್ಲ ಮಾರಾಯ. ಏಳು ಮಾಡು."

ರುಡೊಲ್ಫ್ ಏಳು ಮಾಡಿದ. ಏಳನೆಯದು ಸರಿಯಾಗಿ ಕಿಟಕಿಯ ಹೊಟ್ಟೆಯೊಳಗೆ ಬಂತು. ಕಿಟಕಿ ಬೇಕಲ್ಲ, ಅದನ್ನು ಕತ್ತರಿಸಬೇಕಾಯಿತು. ಮತ್ತೆ ಆರು. ಅಪಶಕುನಕ್ಕೆ ಈ ವಿಷಯ ತಿಳಿಯಲಿಲ್ಲ ಎಂದು ಕಾಣುತ್ತದೆ.

ಇದೆಲ್ಲ ನಗುವ ಸಂಗತಿ. ಮೇ ತಿಂಗಳ ಇಪ್ಪತ್ತನೇ ತಾರೀಕು ಗೋಡೆಯ ಶೀಟು ಬಂತು. ಅಲ್ಲಿಂದ ನಗು ನಿಂತಿತು.

ರುಡೊಲ್ಫ್ ಮೊದಲನೇ ಶೀಟನ್ನು ಪಡುವಣ ಗೋಡೆಯ ಬಡಗು ತುದಿಗೆ ಹೊತ್ತುಕೊಂಡು ಹೋದ. ಪೂವಪ್ಪನವರು ಕುರ್ಚಿಯಿಂದ ಎದ್ದರು. ಅವರು ಏಳುವುದು ಅಪರೂಪ.

"ಎಲ್ಲಿಗೆ ಹೊರಟದ್ದು? ಗೋಡೆ ಶುರುವಾಗಬೇಕಾದದ್ದು ಕನ್ನಿಮೂಲೆಯಿಂದ!"

ಕನ್ನಿಮೂಲೆ ಎಂದರೆ ತೆಂಕಣ ಮತ್ತು ಪಡುವಣ ದಿಕ್ಕು ಸೇರುವ ಮೂಲೆ. ಇಲ್ಲಿಯವರು ಮನೆಗೆ ಮೊದಲ ಕಲ್ಲು ಇಡುವುದು ಅಲ್ಲೇ.

"ಪೂವಪ್ಪಣ್ಣ, ಅದು ಕಲ್ಲಿಗೆ," ಎಂದ ರುಡೊಲ್ಫ್. "ಶೀಟು ಗಾಳಿ ನೋಡಿ ಹಾಕುವುದು. ನಮ್ಮ ಮಳೆ ಬರುವುದೇ ಆ ಮೂಲೆಯಿಂದ. ಒಂದು ಶೀಟಿನ ಅಂಚಿನ ಮೇಲೆ ಮುಂದಿನದ್ದರ ಅಂಚು ಕೂರುದಲ್ವಾ, ಅಲ್ಲಿಂದ ಶುರು ಮಾಡಿದರೆ ಆ ಅಂಚೆಲ್ಲ ಮಳೆಗೆ ಬಾಯಿ ತೆರೆದು ನಿಲ್ತದೆ."

"ಬಹರೈನಿನಲ್ಲಿ ನಾನು ಎಷ್ಟು ಶೀಟು ನೋಡಿದ್ದೇನೆ, ಗೊತ್ತುಂಟಾ ನಿನಗೆ?"

"ಅಲ್ಲಿ ಮಳೆ ಉಂಟಾ, ಪೂವಪ್ಪಣ್ಣ?"

ಪೂವಪ್ಪನವರು ಹೆಲ್ಮೆಟ್ ಸರಿಮಾಡಿಕೊಂಡರು.

ಅಶ್ಮಿತಾ ಮಗುವನ್ನು ಸೊಂಟಕ್ಕೇರಿಸಿಕೊಂಡು ಓಡಿಬಂದಳು. ಆ ಮೂಲೆಯ ಕೋಣೆ ಅವಳದ್ದು, ತೊಟ್ಟಿಲು ಬರುವುದು ಅದೇ ಗೋಡೆಗೆ. "ಬಾಯಿ ತೆರೆದು ಅಂದರೆ ಎಂತ ರುಡೊಲ್ಫ್? ನೀರು ಒಳಗೆ ಬರ್ತದಾ? ಎಷ್ಟು ಬರ್ತದೆ?"

ರುಡೊಲ್ಫ್ ಸುತ್ತ ನೋಡಿದ. ಬಾವಿಕಟ್ಟೆಯ ಹತ್ತಿರ ಅತ್ತೆ ಹೇಮಾಕ್ಷಿ ಕಾಣೆ ಮೀನು ಉಜ್ಜುತ್ತಿದ್ದರು. "ಅಲ್ಲಿ ನೋಡಿ ಅಕ್ಕ. ಮೀನನ್ನು ತಲೆಯಿಂದ ಬಾಲಕ್ಕೆ ಸವರಿದರೆ ಕೈ ಜಾರ್ತದೆ. ಬಾಲದಿಂದ ತಲೆಗೆ ಕತ್ತಿ ಎಳೆದರೆ ಹುರುಪೆ ಎಲ್ಲ ಎದ್ದು ಬರ್ತದೆ. ಕನ್ನಿಮೂಲೆಯಿಂದ ಶೀಟು ಹಾಕುವುದು ಅಂದರೆ ಮೀನಿನ ಬಾಲವನ್ನು ಮಳೆಗೆ ಕೊಟ್ಟ ಹಾಗೆ."

ಹೇಮಾಕ್ಷಿ ಕತ್ತಿ ನಿಲ್ಲಿಸಿ, ಮೀನನ್ನು ಒಮ್ಮೆ, ಗಂಡನನ್ನು ಒಮ್ಮೆ ನೋಡಿದರು. ಮೀನಿಗೇ ಹೆಚ್ಚು ಬುದ್ಧಿ ಕಂಡಿರಬೇಕು, ತಿರುಗಿ ಅದನ್ನೇ ಉಜ್ಜತೊಡಗಿದರು.

"ಮನೆ ಎಂತ ಮೀನಾ?" ಎಂದರು ಪೂವಪ್ಪನವರು. "ಸಂದಿಗೆ ಸಿಲಿಕಾನ್ ಹೊಡಿ. ಶುರು ಕನ್ನಿಮೂಲೆಯಿಂದಲೇ. ಇಲ್ಲದಿದ್ದರೆ ನಾಳೆಯಿಂದ ಬೇರೆ ಜನ ನೋಡ್ತೇನೆ."

ಗಂಡ ರೂಪೇಶ್ ಸಂಜೆ ಕೆಲಸ ಮುಗಿಸಿ ಬಂದಾಗ ಅಶ್ಮಿತಾ ಎಲ್ಲ ಹೇಳಿದಳು. ರೂಪೇಶನದ್ದು ಒಳ್ಳೆಯ ಜಾತಿಯ ಮೌನ. ಅಪ್ಪನ ಎದುರು ಮುದುರಿ ಜೇಬಿನಲ್ಲಿ ಇಟ್ಟುಕೊಳ್ಳುವಂಥದ್ದು. "ಅಪ್ಪನಿಗೆ ಬೇಜಾರಾಗ್ತದೆ ಅಶ್ಮಿ. ಸಿಲಿಕಾನ್ ಹಾಕ್ತಾರಲ್ಲ, ಅಡ್ಜಸ್ಟ್ ಮಾಡು," ಎಂದ. ಮಗುವಿನ ಶ್ವಾಸಕೋಶ ಹೇಗೆ ಅಡ್ಜಸ್ಟ್ ಮಾಡಿಕೊಳ್ಳಬೇಕು ಎಂದು ಅವನು ಹೇಳಲಿಲ್ಲ.

ಮರುದಿನ ತೆಂಗಿನಕಾಯಿ ಒಡೆದು ಕನ್ನಿಮೂಲೆಯಿಂದ ಶೀಟು ಏರಿತು. ಮೊದಲ ಸ್ಕ್ರೂ ಪೂವಪ್ಪನವರೇ ಹಾಕಿದರು. ಅದು ಅಡ್ಡ ಪೈಪಿಗೆ ತಾಗದೆ ಗಾಳಿಯಲ್ಲಿ ತಿರುಗಿತು. ಅವರು ಫೋಟೋ ತೆಗೆಸಿಕೊಂಡು ಇಳಿದ ಮೇಲೆ ರುಡೊಲ್ಫ್ ಅದನ್ನು ಕಿತ್ತು ಸರಿಯಾದ ಜಾಗಕ್ಕೆ ಹೊಡೆದ.

ಗೋಡೆ ಮುಗಿದು ಒಳಗೆ ಬೋರ್ಡೂ ಬಿದ್ದ ಮೇಲೆ, ಪೂವಪ್ಪನವರು ಮೀನಿಗೆಂದು ಬಂದರಿಗೆ ಹೋದ ಒಂದು ಭಾನುವಾರ ಬೆಳಿಗ್ಗೆ ಅಶ್ಮಿತಾ ಗಿಡಕ್ಕೆ ನೀರು ಬಿಡುವ ಪೈಪು ಎಳೆದು ತಂದಳು. ಬಾಯಿಗೆ ಹೆಬ್ಬೆರಳು ಒತ್ತಿ, ಮಳೆ ಬರುವ ಓರೆಯಲ್ಲೇ ಆ ಮೂಲೆಗೆ ಹತ್ತು ನಿಮಿಷ ನೀರು ಹೊಡೆದಳು. ಆಮೇಲೆ ಒಳಗೆ ಓಡಿದಳು. ಬೋರ್ಡಿನ ಸಂದಿಯಲ್ಲಿ, ತೊಟ್ಟಿಲು ಇಡಬೇಕಾದ ಜಾಗಕ್ಕೆ ನೇರ ಮೇಲೆ, ಒಂದು ಹನಿ ಮೂಡಿ, ದಪ್ಪವಾಗಿ, ಕೆಳಗೆ ಇಳಿಯಿತು. ಅದರ ಹಿಂದೆ ಇನ್ನೊಂದು.

ಮಧ್ಯಾಹ್ನ ಊಟಕ್ಕೆ ಕೂತಾಗ ಮಾವನಿಗೆ ಅದನ್ನು ಹೇಳಿದಳು.

ಪೂವಪ್ಪನವರು ಮುಳ್ಳು ಬಿಡಿಸುತ್ತ ಹೇಳಿದರು: "ಪೈಪಿನ ನೀರು ಬೇರೆ, ಮಳೆ ನೀರು ಬೇರೆ, ಮಗಾ. ನೀವು ಶಾಲೆ ಕಲಿತವರು. ಅನುಭವ ಬೇಕು ಇದಕ್ಕೆಲ್ಲ."

ಅಷ್ಟು ದೊಡ್ಡ ದಡ್ಡತನಕ್ಕೆ ಒಳಗೆ ಹೋಗಲು ಬಾಗಿಲೇ ಇರುವುದಿಲ್ಲ. ಅಶ್ಮಿತಾ ಅನ್ನ ಕಲಸುತ್ತ ಕೂತಳು. ತಂದೆಮನೆಗೆ ಹೋಗಿಬಿಡಲೇ ಎಂದುಕೊಂಡಳು. ಅಲ್ಲಿ ಅಣ್ಣನ ಮಕ್ಕಳಿಗೆ ಯಾವಾಗಲೂ ಶೀತ. ಬಾಡಿಗೆಗೆ ಕೋಣೆ ಹಿಡಿಯಲೇ? ರೂಪೇಶ್ ಬರುವುದಿಲ್ಲ. ಕಡೆಗೆ ಅವಳ ಕಣ್ಣು ಮೊಳೆಗೆ ನೇತುಹಾಕಿದ್ದ ಬಿಳಿ ಹೆಲ್ಮೆಟ್ಟಿನ ಮೇಲೆ ನಿಂತಿತು.

"ಮಾವ," ಎಂದಳು, "ಒಂದು ಕೇಳ್ಲಾ? ವಾಸ್ತು ಪ್ರಕಾರ ಕನ್ನಿಮೂಲೆಯ ಕೋಣೆ ಮನೆಯ ಯಜಮಾನರಿಗೆ ಅಲ್ವಾ?"

ಪೂವಪ್ಪನವರ ಕೈ ಬಟ್ಟಲಲ್ಲಿ ನಿಂತಿತು. ಅವರು ತಮಗೆಂದು ಇಟ್ಟುಕೊಂಡಿದ್ದದ್ದು ಮೂಡಣದ ಎದುರು ಕೋಣೆ. ಅಲ್ಲಿಂದ ಓಣಿಯಲ್ಲಿ ಯಾರು ಹೋದರು, ಯಾರು ಬಂದರು ಎಲ್ಲ ಕಾಣುತ್ತದೆ. ಅವರ ವಾಸ್ತು ಆ ಕಿಟಕಿಯವರೆಗೆ ಮಾತ್ರ.

"ಹೌದು. ಅದು... ಯಜಮಾನನಿಗೇ."

"ನಾವು ಅಲ್ಲಿ ಮಲಗಿದರೆ ರೂಪೇಶನೇ ಯಜಮಾನ ಅಂತ ಜನ ತಿಳೀತಾರೇನೋ. ನನಗೆ ಸರಿ ಕಾಣುದಿಲ್ಲ, ಮಾವ."

ರೂಪೇಶ್ ಗಾಬರಿಯಿಂದ ನೀರು ಕುಡಿದ. ಪೂವಪ್ಪನವರು ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಈ ಆಸಾಮಿ ಯಜಮಾನನಾಗುವುದೇ!

"ಕೋಣೆ ಬದಲು ಮಾಡುವ," ಎಂದರು. "ನಾನೇ ಹೇಳಬೇಕು ಅಂತಿದ್ದೆ."

ಊಟದ ಮೇಲೆ ಅಶ್ಮಿತಾ ಅತ್ತೆಯ ಜೊತೆ ಪಾತ್ರೆ ತೊಳೆಯಲು ಕೂತಳು. ಅತ್ತೆಯ ಮಂಡಿನೋವು ನೆನಪಾದದ್ದು ಆಗಲೇ. ಆ ಕೋಣೆಯಲ್ಲಿ ಮಲಗುವವರು ಅವರೂ ಅಲ್ಲವೇ! "ಅತ್ತೆ, ನೀವು..." ಎಂದು ಶುರು ಮಾಡಿದಳು.

"ನಾನು ಬಾಲೆಯ ಹತ್ತಿರ ಮಲಗ್ತೇನೆ," ಎಂದರು ಹೇಮಾಕ್ಷಿ, ಬಾಣಲೆ ತಿಕ್ಕುತ್ತ. "ನಿನಗೂ ಸ್ವಲ್ಪ ನಿದ್ದೆ ಆದೀತು. ಯಜಮಾನರು ಒಬ್ಬರೇ ಇರಲಿ, ಗೌರವ." ಮುಖದಲ್ಲಿ ನಗು ಇರಲಿಲ್ಲ. ಬಾಣಲೆ ಮಾತ್ರ ಬೇಕಾದ್ದಕ್ಕಿಂತ ಜೋರಾಗಿ ಸದ್ದು ಮಾಡುತ್ತಿತ್ತು.

ಜೂನ್ ಮೊದಲ ವಾರ ಹಾಲುಕ್ಕಿಸಿ ಹೊಸ ಮನೆ ಸೇರಿದರು. ಐದನೆಯ ದಿನ ಮಧ್ಯಾಹ್ನ, ಪೂವಪ್ಪನವರು ಊಟ ಮುಗಿಸಿ ಅಡ್ಡಾದ ಹೊತ್ತಿಗೆ, ಪಡುವಣದ ಆಕಾಶ ಕಪ್ಪಾಗಿ ಗಾಳಿ ಎದ್ದಿತು. ಮಳೆ ಬಿದ್ದದ್ದಲ್ಲ, ಓರೆಯಾಗಿ ಗೋಡೆಗೆ ಹೊಡೆದದ್ದು. ಅಶ್ಮಿತಾ ಎದುರು ಕೋಣೆಯಲ್ಲಿ ಮಗುವನ್ನು ಎದೆಗೆ ಹಾಕಿಕೊಂಡು ನಾಲ್ಕು ಗೋಡೆಯನ್ನೂ ಅಂಗೈಯಿಂದ ತಡವಿ ನೋಡಿದಳು. ಒಣ. ಮತ್ತೆ ತಡವಿದಳು. ಒಣ.

ಆಚೆ ಕೋಣೆಯಲ್ಲಿ ಮಂಚ ಎಳೆಯುವ ಸದ್ದು. ಸ್ವಲ್ಪ ಹೊತ್ತಿಗೆ ಮತ್ತೆ ಎಳೆಯುವ ಸದ್ದು. ಆಮೇಲೆ ಟಪ್, ಟಪ್ ಎಂದು ಪ್ಲಾಸ್ಟಿಕ್ಕಿನ ಮೇಲೆ ಹನಿ ಬೀಳುವುದು.

"ಎಂತ ಮಾವ, ಸೋರ್ತಾ ಉಂಟಾ?"

"ಇಲ್ಲಪ್ಪ! ಸೆಕೆಗೆ ಮಂಚ ನಡುವಿಗೆ ಹಾಕಿದ್ದು."

ಸಂಜೆ ಗುಡಿಸಲು ಹೋದವಳು ನೋಡಿದಳು. ಬೋರ್ಡು ಎರಡು ಕಡೆ ಊದಿಕೊಂಡಿತ್ತು. ಹೊಸ ಬಣ್ಣದ ಮೇಲೆ ನೀರಿನ ಗೆರೆ. ಗೋಡೆಯ ಬುಡದಲ್ಲಿ ಬಿಳಿ ಹೆಲ್ಮೆಟ್ಟು ಮಗುಚಿ ಮಲಗಿತ್ತು. ಅದರ ತುಂಬ ನೀರು. ಹೆಲ್ಮೆಟ್ಟು ಅಂದು ಮೊದಲ ಸಲ ಯಾವುದೋ ಕೆಲಸಕ್ಕೆ ಬಂದಿತ್ತು. ಅವಳು ನೀರು ಚೆಲ್ಲಿ, ಒರೆಸಿ, ಅದನ್ನು ಅಲ್ಲೇ ಇಟ್ಟಳು. ಮಾವನ ಮೇಲೆ ಅಯ್ಯೋ ಪಾಪ ಎನಿಸುತ್ತದೇನೋ ಎಂದು ಒಂದು ಗಳಿಗೆ ನಿಂತು ಕಾದಳು. ಎನಿಸಲಿಲ್ಲ.

ಏಳು ದಿನ ಅವರು ತಡೆದುಕೊಂಡರು. ಎಂಟನೆಯ ದಿನಕ್ಕೆ ಪೂವಪ್ಪನವರಿಗೆ ಕೆಮ್ಮು ಹಿಡಿಯಿತು. ಅಶ್ಮಿತಾ ಮಗುವನ್ನು ಅವರ ಹತ್ತಿರ ಬಿಡಲಿಲ್ಲ. ಕಾರಣ ಕೇಳಿದಾಗ "ಡಾಕ್ಟರು ಹೇಳಿದ್ದಾರೆ" ಎಂದಳು. ಮೊಮ್ಮಗಳನ್ನು ಎತ್ತಿಕೊಳ್ಳಲು ಆಗದ್ದೋ, ಹಾಸಿಗೆ ಒಣಗದ್ದೋ, ಯಾವುದು ತಾಗಿತೋ ತಿಳಿಯದು. ಮಳೆ ಬಿಟ್ಟು ಹೊಳವಾದ ಮೊದಲ ದಿನ ಅಂಗಳದಲ್ಲಿ ರುಡೊಲ್ಫ್‌ನ ಸ್ಕೂಟರ್ ನಿಂತಿತ್ತು.

ಪೂವಪ್ಪನವರು ಕೊರಳಿಗೆ ಮಫ್ಲರ್, ತಲೆಗೆ ಹೆಲ್ಮೆಟ್ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. "ಎರಡು ಗೋಡೆಯದ್ದೂ ಬಿಚ್ಚು ಪೊರ್ಬುಲೆ. ಪಡುವಣದ್ದು ಬಡಗು ತುದಿಯಿಂದ ಹಾಕಿಕೊಂಡು ಬಾ, ತೆಂಕಣದ್ದು ಮೂಡಣ ತುದಿಯಿಂದ. ಶೀಟು ಗಾಳಿ ನೋಡಿ ಹಾಕಬೇಕು ಮಾರಾಯ. ಬಹರೈನಿನಲ್ಲಿ ನಾವು ಹಾಗೇ ಮಾಡ್ತಿದ್ದದ್ದು. ಆವತ್ತೇ ಹೇಳಿದ್ದೆ ನಾನು."

ರುಡೊಲ್ಫ್ ಡ್ರಿಲ್ ಕೈಗೆತ್ತಿಕೊಂಡ. "ಹೌದು ಪೂವಪ್ಪಣ್ಣ," ಎಂದ. "ನೀವೇ ಹೇಳಿದ್ದು."

ಒಳಗೆ ಅಶ್ಮಿತಾ ಮಗುವಿನ ಬೆನ್ನಿಗೆ ಕಿವಿಯಿಟ್ಟು ಕೂತಿದ್ದಳು. ಹೊರಗಿನ ಸದ್ದಿನ ನಡುವೆಯೂ ಉಸಿರು ಕೇಳುತ್ತಿತ್ತು, ಗೊರಗೊರ ಇಲ್ಲದ ಉಸಿರು. ಫೋನಿನ ಗಡಿಯಾರ ತೆಗೆಯಲಿಲ್ಲ. ಸಂಜೆಯ ಹೊತ್ತಿಗೆ ಗೋಡೆ ತಿರುಗಿ ನಿಂತಿತು. ಮೊದಲಿನ ಸ್ಕ್ರೂಗಳ ತೂತಿಗೆಲ್ಲ ರುಡೊಲ್ಫ್ ಬಿಳಿ ಸಿಲಿಕಾನ್ ಒತ್ತಿದ್ದ. ನೀಲಿ ಶೀಟಿನ ಮೇಲೆ ಆ ಚುಕ್ಕೆಗಳು ಓಣಿಯಿಂದಲೇ ಕಾಣುತ್ತವೆ. ಅದೆಂತ ಎಂದು ಯಾರಾದರೂ ಕೇಳಿದರೆ ಪೂವಪ್ಪನವರು "ಡಿಸೈನ್" ಎನ್ನುತ್ತಾರೆ.