ಸಿಲೋನಿಗೆ ಹೊರಟ ಹಿಂದಿನ ಸೀಟು

ಸಿಲೋನಿನ ಗುಡ್ಡದ ರಸ್ತೆಗಳನ್ನು ನಾನು ಮೋಟರ್ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕೂತು ನೋಡಿದವಳು. ಹೇಳಿದರೆ ಈಗಿನವರು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ನನ್ನ ಗಂಟೇನೂ ಹೋಗುವುದಿಲ್ಲ. ಆದರೆ ಆ ಪ್ರವಾಸದ ಮಾತು ಬಂದರೆ ನನಗೆ ಮೊದಲು ನೆನಪಾಗುವುದು ಸಮುದ್ರವೂ ಅಲ್ಲ, ಚಹಾ ತೋಟವೂ ಅಲ್ಲ. ಹೊರಡುವ ಮುಂಚಿನ ತಯಾರಿಯ ದಿನಗಳು, ಮತ್ತು ನಮ್ಮ ಅತ್ತೆ.

ಎಪ್ಪತ್ತರ ದಶಕದ ಕೊನೆ. ನಾನು ಕೂಡ್ಲಿಗಿಯಲ್ಲಿ ಪ್ರೈಮರಿ ಶಾಲೆಯ ಟೀಚರು. ನನ್ನ ಗಂಡನಿಗೆ ದನದ ದವಾಖಾನೆಯಲ್ಲಿ ನೌಕರಿ. ಕುರಿಗಳಿಗೆ ಸೂಜಿ ಹಾಕಲು ಊರೂರು ತಿರುಗುವುದಕ್ಕೆ ಒಂದು ಹಳೆಯ ಮೋಟರ್ ಸೈಕಲ್ಲು. ಕೊಟ್ಟೂರಿನ ಚಹಾದಂಗಡಿಯಲ್ಲಿ ಲಾರಿ ಡ್ರೈವರೊಬ್ಬ, ರಾಮೇಶ್ವರದಲ್ಲಿ ಹಡಗಿಗೆ ಗಾಡಿಗಳನ್ನೂ ಏರಿಸುತ್ತಾರೆ, ಆಚೆ ದಡದಲ್ಲಿ ಇಳಿಸಿಕೊಂಡು ಸಿಲೋನೆಲ್ಲ ಸುತ್ತಬಹುದು ಎಂದನಂತೆ. ಅಷ್ಟೇ ಸಾಕಾಯಿತು. ಆವತ್ತಿನಿಂದ ಈ ಮನುಷ್ಯನ ಬಾಯಲ್ಲಿ ಬೇರೆ ಮಾತಿಲ್ಲ.

ನನಗೂ ಅದೇ ಹುಚ್ಚು ಹತ್ತಿತು. ಮಕ್ಕಳಿಗೆ ದ್ವೀಪ, ಜಲಸಂಧಿ, ಪರ್ವತ ಎಂದು ಕೋಲಿನಿಂದ ತೋರಿಸಿ ತೋರಿಸಿ ನಕ್ಷೆ ಹರಿಯುವ ಹಾಗಾಗಿತ್ತೇ ಹೊರತು, ಅವುಗಳಲ್ಲಿ ಒಂದನ್ನೂ ನಾನು ಕಂಡಿರಲಿಲ್ಲ. ನನ್ನ ತವರೂರು ಇಟ್ಟಿಗಿಯ ಹೊಲ, ಕೂಡ್ಲಿಗಿಯ ಬಸ್ ಸ್ಟ್ಯಾಂಡು, ನಡುವೆ ಬಯಲು. ಒಂದು ಭಾನುವಾರ ಶಾಲೆಯ ದೊಡ್ಡ ನಕ್ಷೆಯನ್ನು ಮನೆಗೆ ತಂದು ನೆಲದ ಮೇಲೆ ಹಾಸಿದೆ. ಮೂಲೆಗಳು ಸುರುಳಿಯಾಗದಂತೆ ಅತ್ತೆ ಜೋಳದ ಡಬ್ಬಿ, ಒಳಕಲ್ಲಿನ ಗುಂಡು ಇಟ್ಟರು. ನನ್ನ ಗಂಡ ರಾಮೇಶ್ವರದಿಂದ ಆಚೆಗೆ ಬೆರಳಿಟ್ಟ. ನಡುವಿನ ನೀರು ಒಂದು ಉಗುರಿನಷ್ಟಿತ್ತು.

"ಇಷ್ಟ ನೀರಿಗೆ ಹಡಗು ಯಾಕಲೇ? ಹರಿಗೋಲಿನ್ಯಾಗ ಹೊಳಿ ದಾಟಿಸಿ ಕುರಿ ಮೇಸಿಲ್ಲೇನು ನಾವು?" ಎಂದರು ಅತ್ತೆ.

ಅವರು ಹಡಗಲಿ ಕಡೆಯ ಕುರಿ ಸಾಕುವ ಮನೆತನದವರು. ಮಾವ ತೀರಿಕೊಂಡ ಮೇಲೆ ಒಬ್ಬನೇ ಮಗನನ್ನು ಓದಿಸಿ ನೌಕರಿಗೆ ಹಚ್ಚಿದ್ದರು. ಸಮುದ್ರದ ಮಾತು ಕೇಳಿ ಮೈಮೇಲೆ ಏರಿ ಬರುತ್ತಾರೆ ಎಂದುಕೊಂಡಿದ್ದೆ. ಅವರು ನಕ್ಕುಬಿಟ್ಟರು.

ನಮ್ಮ ಬಯಲಿನವರಿಗೆ ಗುಡ್ಡದ ರಸ್ತೆಯ ರೂಢಿಯಿಲ್ಲ. ಹಾಗಾಗಿ ಪಾಸ್‌ಪೋರ್ಟಿನ ಓಡಾಟ ಮುಗಿದ ಮೇಲೆ ಸಂಡೂರಿನ ಗುಡ್ಡಕ್ಕೆ ಹೋಗಿ ಕಲಿಯೋಣ ಎಂದಾಯಿತು. ನಾನು ಎಂದಿನಂತೆ ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು, ಸೆರಗು ಸಿಕ್ಕಿಸಿ ಕೂತೆ. ಏರುವಾಗ ತೊಂದರೆಯಾಗಲಿಲ್ಲ. ಇಳಿಯುವಾಗ ಮೊದಲನೇ ತಿರುವಿನಲ್ಲಿ ಗಾಡಿ ಎಡಕ್ಕೆ ವಾಲಿತು. ತಕ್ಷಣ ನಾನು ಬಲಕ್ಕೆ ವಾಲಿದೆ. ಎತ್ತಿನ ಬಂಡಿಯಲ್ಲಿ ಬೆಳೆದವಳು ನಾನು. ಗಾಲಿ ಗುಂಡಿಗಿಳಿದು ಬಂಡಿ ಒಂದು ಕಡೆ ವಾಲಿದರೆ ಕೂತವರೆಲ್ಲ ಇನ್ನೊಂದು ಕಡೆಗೆ ಸರಿಯಬೇಕು, ಇಲ್ಲದಿದ್ದರೆ ಬಂಡಿ ಮಗುಚುತ್ತದೆ. ಇದು ನಮಗೆ ಯಾರೂ ಹೇಳಿಕೊಡುವ ವಿದ್ಯೆಯಲ್ಲ. ಮೋಟರ್ ಸೈಕಲ್ಲಿಗೆ ಅದು ನಡೆಯುವುದಿಲ್ಲ ಎಂದು ನನಗೇನು ಗೊತ್ತು? ಗಾಡಿ ತಿರುಗಲೇ ಇಲ್ಲ. ನೇರ ರಸ್ತೆಯ ಅಂಚಿಗೆ ಹೋಗಿ ಇಬ್ಬರೂ ಕೆಂಪು ಧೂಳಿನಲ್ಲಿ ಉರುಳಿದೆವು.

ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಧೂಳು ಝಾಡಿಸಿಕೊಂಡು ಅವನು ಅಂದ ಮಾತು ಎದೆಗೆ ನಾಟಿತು.

"ನೀ ಬರಾದು ಬ್ಯಾಡ ಬಿಡು. ನಮ್ಮ ಗೆಳ್ಯಾನ್ನ ಕರಕೊಂಡು ಹೋಗ್ತೀನಿ."

ಸಿಟ್ಟು ನೆತ್ತಿಗೇರಿತು. ನಕ್ಷೆ ತಂದವಳು ನಾನು, ರಜೆ ಹೊಂದಿಸಿದವಳು ನಾನು, ಸೀಟು ಮಾತ್ರ ಗೆಳೆಯನಿಗೆ! ಮನೆಯಲ್ಲಿ ಅತ್ತೆಯ ಮುಂದೆ ಅತ್ತುಬಿಟ್ಟೆ.

"ಹೆಂಗ ಬಿದ್ರಿ, ಮಾಡಿ ತೋರ್ಸು" ಎಂದರು.

ಜೋಳದ ಚೀಲದ ಮೇಲೆ ಕೂತು ವಾಲಿ ತೋರಿಸಿದೆ. ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. "ಬಂಡ್ಯಾಗ ಕುಂತಂಗ ಕುಂತೀಯಲ್ಲವ್ವ! ಅದು ಕುದ್ರಿ ಇದ್ದಂಗ. ಅದು ಹೊಳ್ಳಿದ ಕಡಿ ನೀನೂ ಹೊಳ್ಳಬೇಕು." ಹುಡುಗಿಯಾಗಿದ್ದಾಗ ಕುರಿಹಿಂಡು ಊರಿಂದೂರಿಗೆ ಹೋಗುವಾಗ, ಕಂಬಳಿ, ಮರಿಗಳನ್ನು ಹೇರಿದ ಕುದುರೆಯ ಮೇಲೆ ತಾವೂ ಕೂತು ಹೋಗುತ್ತಿದ್ದರಂತೆ. ಆಮೇಲೆ ಅಂಗಳಕ್ಕೆ ಹೋಗಿ ಮಗನಿಗೆ, "ಲೇ, ಫಟಫಟಿ ತಗಿ. ನಾ ಕುಂದರ್ತೀನಿ" ಎಂದರು.

"ಯವ್ವಾ, ಮಂದಿ ನಗ್ತಾರ."

"ನಗ್ಲಿ ಬಿಡು. ಅವರ ಹಲ್ಲು, ಅವರ ಬಾಯಿ."

ಅರವತ್ತು ದಾಟಿದ ನಮ್ಮ ಅತ್ತೆ ಕಚ್ಚೆ ಸೀರೆಯನ್ನು ಇನ್ನೊಮ್ಮೆ ಬಿಗಿದು, ಮಗನ ಹೆಗಲು ಹಿಡಿದು, ಗಂಡಸರಂತೆ ಆಚೆಗೊಂದು ಈಚೆಗೊಂದು ಕಾಲು ಹಾಕಿ ಕೂತರು. ತಾಲ್ಲೂಕು ಕಚೇರಿಯ ಮುಂದಿನ ಜನ ಬೀಡಿ ಸೇದುವುದು ಬಿಟ್ಟು ನಿಂತು ನೋಡಿದರು. ಕೊಟ್ಟೂರು ರಸ್ತೆಯ ತಿರುವಿನಲ್ಲಿ ಗಾಡಿ ವಾಲಿದಾಗ ಅವರೂ ಅದರ ಜೊತೆಗೇ ವಾಲಿದ್ದನ್ನು ದೂರದಿಂದ ಕಂಡೆ. ಎಂಥ ಚೆಂದವಿತ್ತು ಅದು! ನನ್ನ ಅಳುವೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ.

ಮರುವಾರ ಅವರದೇ ಸೀರೆಯನ್ನು ನನಗೆ ಕಚ್ಚೆ ಹಾಕಿ ಉಡಿಸಿ ಕಳಿಸಿದರು. ನನ್ನ ಶಾಲೆಯ ಮಕ್ಕಳು ಕೇಕೆ ಹಾಕಿದರು. ಸೋಮವಾರ ನೋಡಿಕೊಳ್ಳೋಣ ಎಂದು ಸುಮ್ಮನಾದೆ. ಸಂಡೂರಿನ ಗುಡ್ಡವನ್ನು ಏರಿ ಇಳಿದು, ಮತ್ತೆ ಏರಿ ಇಳಿದೆವು. ಬುಡದಲ್ಲಿ ಗಾಡಿ ನಿಲ್ಲಿಸಿ ನನ್ನ ಗಂಡ, "ಹಿಂದ ಯಾರೂ ಇಲ್ಲ ಅನಿಸ್ತಲೇ" ಎಂದ. ಅವನ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಗೆಳೆಯನ ಮಾತು ಅಲ್ಲಿಗೆ ಮುಗಿಯಿತು.

ಹೊರಡುವ ಮುನ್ನಾದಿನ ಅತ್ತೆ ದಾರಿಗೆಂದು ಸಜ್ಜೆ ರೊಟ್ಟಿ ಬಡಿಯುತ್ತಿದ್ದರು. ನಾನು ಒಲೆಯ ಮುಂದೆ ಕೂತು ಬೇಯಿಸುತ್ತಿದ್ದೆ.

"ಅತ್ತಿ, ಅವತ್ತು ಗಾಡಿ ಮ್ಯಾಲ ನಿಮಗ ಒಂಚೂರೂ ಅಂಜಿಕಿ ಆಗಲಿಲ್ಲೇನ್ರಿ?" ಎಂದು ಕೇಳಿದೆ.

"ಹೋಗುಮುಂದ ಬರುಮುಂದ ಕಣ್ಣು ಮುಚಗೊಂಡೇ ಕುಂತಿದ್ದೆ" ಎಂದರು. ಕೈ ನಿಲ್ಲಲಿಲ್ಲ. "ಈ ಹಡಗು, ಗುಡ್ಡ ಅನ್ನೂದು ಕೇಳಿದಾಗಿಂದ ಎದಿ ಢವಢವ ಅಂತೈತಿ. ಬ್ಯಾಡ ಅಂದ್ರ ನಿಲ್ಲೋನಲ್ಲ ಅವ. ಹಿಂದ ಗೆಳ್ಯಾ ಕುಂತ್ರ ಗಾಡಿ ಹಾರಸ್ತಾನ. ನೀ ಕುಂತ್ರ ಹೌರಗ, ನಿಧಾನಕ ಹೊಡೀತಾನ. ಅದಕ್ಕವ್ವ ನಿನಗ ಕಲಿಸಿದ್ದು."

ಅವರು ಹಿಟ್ಟಿನ ಕೈಯಲ್ಲೇ ನನ್ನ ಕೈ ಹಿಡಿದರು.

"ಒಬ್ಬನ ಮಗ ಅದಾನ. ನಿನ್ನ ಉಡಿಯಾಗ ಹಾಕೀನಿ. ಕಾಯ್ಕೊಂಡು ಕರ್ಕೊಂಡು ಬಾ."

ಮದುವೆಯಲ್ಲಿ ನಮ್ಮವ್ವ ನನ್ನನ್ನು ಇವರಿಗೆ ಒಪ್ಪಿಸಿಕೊಟ್ಟದ್ದೂ ಹೆಚ್ಚುಕಡಿಮೆ ಇದೇ ಮಾತಿನಿಂದ. ಗಂಡುಮಗನನ್ನು ಹಾಗೆ ಸೊಸೆಯ ಕೈಗೆ ಒಪ್ಪಿಸಿಕೊಟ್ಟ ತಾಯಿಯನ್ನು ನಾನು ನೋಡಿದ್ದು ಇವರೊಬ್ಬರನ್ನೇ.