ಬಿರುಕು ಬಿಟ್ಟಿದ್ದು ನಮಗೆ, ಉಳಿದದ್ದು ಮಿಲಿಟರಿಗೆ

ನಾಡಿನ ಸಮಸ್ತ ಜನತೆಗೆ ತಿಳಿಯಪಡಿಸುವುದೇನೆಂದರೆ, ಇಂದು ಬೆಳಿಗ್ಗೆ ನಾನು ಸ್ವಹಸ್ತದಿಂದ ಒಂದು ಮೊಟ್ಟೆ ಬೇಯಿಸಿದೆ. ಸಿಪ್ಪೆ ಸುಲಿದಾಗ ಬಂದ ವಾಸನೆಗೆ ದೊಡ್ಡಬಳ್ಳಾಪುರದ ಕಡೆಯ ಮಧುರೆ ಹತ್ತಿರದ ನಮ್ಮಜ್ಜಿ ಮನೆಯ ಅಂಗಳ ಕಣ್ಮುಂದೆ ಬಂತು.

ಊರಾಚೆ ಮಿಲಿಟರಿ ಕ್ಯಾಂಪಿತ್ತು. ಅಜ್ಜಿಯ ಕೋಳಿಗಳು ಮೊಟ್ಟೆ ಇಡುತ್ತಿದ್ದುದೇ ದೇಶಸೇವೆಗೆ. ಅಜ್ಜಿ ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿ, ತೌಡು ತುಂಬಿದ ಕುಕ್ಕೆಯಲ್ಲಿಟ್ಟು ಕ್ಯಾಂಪಿನ ಗೇಟಿಗೆ ಒಯ್ಯುತ್ತಿದ್ದಳು. ಮನೆಯಲ್ಲಿ ಯಾರ ಮುಂದೂ ಕೈಚಾಚದ ಅವಳ ಗತ್ತು ಆ ಕುಕ್ಕೆಯದೇ. ಬಿರುಕು ಬಿಟ್ಟ ಮೊಟ್ಟೆ ಮಾತ್ರ ಮೊಮ್ಮಕ್ಕಳಿಗೆ. ನಾನೂ ತಂಗಿಯೂ ಬಿರುಕಿಗಾಗಿ ಹರಕೆ ಹೊರುತ್ತಿದ್ದೆವು.

ಒಂದು ದಿನ ಸೈನಿಕರು ಲಾರಿಗಟ್ಟಲೆ ಹೊರಟುಹೋದರು. ಕಾವಲಿಗೆ ಉಳಿದವರು ನಾಲ್ಕೈದು ಜನ. ಗೇಟಿನೆದುರಿನ ಟೀ ಅಂಗಡಿ ಮುಚ್ಚಿತು. ಅಜ್ಜಿಯ ಕುಕ್ಕೆ ತುಂಬಿದ ಹಾಗೇ ವಾಪಸ್ ಬಂತು. ನಾವು ಎರಡೂ ಕೈಯಲ್ಲಿ ಮೊಟ್ಟೆ ತಿಂದೆವು.

"ಅವ್ರು ಬರ್ದೇ ಇದ್ರೇನೇ ಒಳ್ಳೇದಲ್ವಾ ಅಜ್ಜಿ?" ಅಂದೆ.

"ತಿನ್ನೋ ತಿನ್ನು. ನಾಳೆಯಿಂದ ಕೋಳಿಗೆ ಕಾಳು ನಿಮ್ಮಪ್ಪ ಹಾಕ್ತಾನಾ?"

ಕೋಳಿಗಳು ಒಂದೊಂದಾಗಿ ಸಂತೆಗೆ ಹೋದವು. ಕೊನೆಗುಳಿದ ಕೆಂಪು ಹೇಂಟೆಯ ಮೊಟ್ಟೆಯನ್ನು ಅಜ್ಜಿ ಅಭ್ಯಾಸದಂತೆ ಬಿಸಿಲಿಗೆ ಹಿಡಿದಳು. ಬಿರುಕಿರಲಿಲ್ಲ. ಗೇಟಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಹೊಸಿಲಿಗೆ ಮೆಲ್ಲಗೆ ತಟ್ಟಿ, "ಅಯ್ಯೋ, ಒಡ್ದೋಯ್ತು ಕಣೋ. ಬಾ, ಬೇಯಿಸ್ಕೊಡ್ತೀನಿ" ಅಂದಳು.

ಎಂಬತ್ತು ದಾಟಿದ ಅಜ್ಜಿ ಈಗ ಮತ್ತೆ ಕೋಳಿ ಸಾಕುವ ಹಟ ಹಿಡಿದಿದ್ದಾಳೆ. ಗಿರಾಕಿ ನಾನೇ. ಮರಿ ಮಾಡಿಸಲು ನಾಟಿ ಮೊಟ್ಟೆ ಹೊಂದಿಸಿದ್ದೇನೆ. ದೊಡ್ಡಬಳ್ಳಾಪುರದ ಸುತ್ತಮುತ್ತ ಯಾರ ಮನೆಯಲ್ಲಾದರೂ ಕಾವಿಗೆ ಕೂತ ಹೇಂಟೆ ಇದ್ದರೆ, ಮೂರು ವಾರದ ಮಟ್ಟಿಗೆ ಕೊಡಿ. ನಾನೇ ಬಂದು ಒಯ್ದು, ನಾನೇ ತಂದುಬಿಡುತ್ತೇನೆ.