ಹೊಳಬಸಪ್ಪನ ಬೆನ್ನಿಗೆ ಮಣ್ಣು ಹತ್ತಿದ್ದು

ಹೊಳಬಸಪ್ಪ ನನ್ನ ಮೈದುನ, ನನ್ನ ಗಂಡನ ಬೆನ್ನಿಗೆ ಹುಟ್ಟಿದವನು. ಇಳಕಲ್ಲಿನ ಕಡೆಯ ಒಂದು ಕಲ್ಲಿನ ಗಣಿಯಲ್ಲಿ ಮದ್ದು ಸಿಡಿದು ಅವನ ಎರಡೂ ಕಣ್ಣು ಹೋದವು. ಎಪ್ಪತ್ತೈದನೆಯ ಇಸವಿ ಇರಬೇಕು. ಹಚ್ಚಿದ ಬತ್ತಿ ಆರಿತೇನೋ ಎಂದು ನೋಡಲು ಬಗ್ಗಿದ್ದನಂತೆ. ಮೋರೆಯ ತುಂಬ ಕೆಂಪು ಕಲ್ಲಿನ ಚೂರು ನೆಟ್ಟುಕೊಂಡು, ರಕ್ತ ಸುರಿಯುತ್ತಿದ್ದವನನ್ನು ಟ್ರಕ್ಕಿನಲ್ಲಿ ಹಾಕಿ ತಂದರು. ದವಾಖಾನೆಯಲ್ಲಿ ಚಿಮಟದಿಂದ ಚೂರು ಕೀಳುವಾಗ ಅವನು ಅಳಲಿಲ್ಲ. ಹಿಡಿದುಕೊಳ್ಳಲು ಬಂದ ಕಂಪೌಂಡರನ ಮುಂಗೈ ಹಿಡಿದು ತಿರುವಿದ. ಆ ಕಂಪೌಂಡರ ಚೀರಿದ್ದು ಹೊರಗೆ ಕೂತ ನನಗೆ ಕೇಳಿಸಿತು.

ಗಣಿ ಸೇರುವ ಮೊದಲೇ ಅವನು ಪೈಲವಾನ. ಹುನಗುಂದದಲ್ಲಿ ನಮ್ಮ ಹಿತ್ತಲ ಗೋಡೆಗೆ ಹತ್ತಿಯೇ ಗರಡಿ ಇತ್ತು. ಹೆಂಗಸರು ಅದರ ಹೊಸ್ತಿಲು ತುಳಿಯುವ ಹಾಗಿರಲಿಲ್ಲ. ನಾನು ಇತ್ತ ರೊಟ್ಟಿ ಬಡಿಯುತ್ತ ಅತ್ತಲಿನ ಸಪ್ಪಳ ಕೇಳುತ್ತಿದ್ದೆ. ತೊಡೆ ತಟ್ಟುವುದು, ಹಲ್ಲು ಕಚ್ಚಿ ಉಸಿರು ಬಿಡುವುದು, ಮೈ ಧೊಪ್ಪನೆ ನೆಲಕ್ಕೆ ಬೀಳುವುದು.

ಕಣ್ಣು ಹೋದ ಮೇಲೂ ಅವನು ಗರಡಿ ಬಿಡಲಿಲ್ಲ. ಕುಸ್ತಿಗೆ ಕಣ್ಣು ಯಾಕೆ? ಕೈಗೆ ಕೈ ಹತ್ತಿದ ಮೇಲೆ ಎಲ್ಲ ಚರ್ಮಕ್ಕೇ ತಿಳಿಯುತ್ತದೆ. ಆದರೆ ಅವನ ಜೊತೆ ಯಾರೂ ಖರೆ ಕುಸ್ತಿ ಹಿಡಿಯಲಿಲ್ಲ. ಕುರುಡನನ್ನು ಕೆಡವಿದರೆ ಪಾಪ ಸುತ್ತುತ್ತದೆ, ಹುಟ್ಟುವ ಕೂಸು ಕುರುಡಾಗುತ್ತದೆ ಎಂದು ಗರಡಿಯವರ ನಂಬಿಕೆ. ಒಂದಿಷ್ಟು ಹೊತ್ತು ಎಳೆದಾಡಿ ತಾವೇ ಅಂಗಾತ ಬೀಳುವರು. ಮಂದಿ ಚಪ್ಪಾಳೆ ತಟ್ಟುವರು.

ಒಂದು ಮುಂಜಾನೆ ಹೀಗೇ ಮುರ್ತುಜಸಾಬ ಬಿದ್ದ. ಅವನು ಹೊಳಬಸಪ್ಪನ ವಾರಿಗೆಯವನು, ಚಿಕ್ಕಂದಿನ ಗೆಳೆಯ. ಗೋಡೆಯ ಇತ್ತಲಿಂದ ನಾನು ಕೇಳಿದ್ದು ಇಷ್ಟು.

"ನೀನಾಗೇ ಬಿದ್ದಿಯೇನಲೇ? ಬಿದ್ದಿಯೇನು?"

"ಬಿಡೋ ಮಾರಾಯಾ! ನನ್ನ ಹೇಂತಿ ಬಸುರಿ ಅದಾಳ. ನಿನ್ನ ಕೆಡವಿ ಪಾಪ ಎಲ್ಲಿ ಕಟ್ಟಿಕೊಳ್ಳಲಿ?"

ಆಮೇಲೆ ಹಸಿ ಚರ್ಮದ ಮೇಲೆ ಗುದ್ದು ಬೀಳುವ ಸಪ್ಪಳ. ಬಿಡಿಸುವಷ್ಟರಲ್ಲಿ ಮುರ್ತುಜಸಾಬನ ಮುಂದಿನ ಹಲ್ಲು ಹೋಗಿ, ತುಟಿ ಹರಿದು ಜೋತುಬಿದ್ದಿತ್ತು. ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದ ಯಂಕಪ್ಪ ಹೊಳಬಸಪ್ಪನನ್ನು ಕೊರಳು ಹಿಡಿದು ಬೀದಿಗೆ ದಬ್ಬಿದ. "ಇನ್ನ ಈ ಮಣ್ಣ ತುಳಿದಿ ಅಂದ್ರ ಕಾಲ ಮುರೀತೇನಿ" ಎಂದ.

ಮನೆಗೆ ಬಂದವನು ಗೋಡೆಗೆ ಹಣೆ ಜಜ್ಜಿಕೊಂಡ. ನಾನು ಅರಿಷಿಣ ಒತ್ತುತ್ತಿದ್ದೆ.

"ಒಬ್ಬ ಬೇಕ್ರಿ ವೈನಿ, ನನ್ನ ಖರೇನ ಎತ್ತಿ ಒಗಿಯಾಂವ. ಇಲ್ಲಾಂದ್ರ ನಾ ಗೆದ್ದಿದ್ದೂ ಸುಳ್ಳ."

ಹಾಗೆ ಕೆಲವು ವರ್ಷ ಕಳೆದವು. ಎಂಬತ್ತೊಂದನೆಯ ಇಸವಿಯನ್ನು ಅಂಗವಿಕಲರ ವರ್ಷವೆಂದು ಸಾರಿದರು. ಸರಕಾರದ ಜೀಪು ಊರೆಲ್ಲ ಕೂಗುತ್ತ ಹೋಯಿತು: ಕುರುಡರು, ಕುಂಟರು, ಕಿವುಡರು ಹೈಸ್ಕೂಲ ಮೈದಾನಕ್ಕೆ ಬರಬೇಕು, ಆಟ ಉಂಟು, ಹಾಡು ಉಂಟು, ಹೋಗಿಬರುವ ಬಸ್ಸು ಸರಕಾರದ್ದೇ. ನಾನೇ ಇವನ ಕೈ ಹಿಡಿದು ಅಧಿಕಾರಿ ಕೃಷ್ಣಾಜಿ ಸಾಹೇಬರ ಹತ್ತಿರ ಕರೆದುಕೊಂಡು ಹೋದೆ. ಒಳ್ಳೆಯ ಮನುಷ್ಯ, ಮೆತ್ತಗಿನ ಮಾತು.

"ಕುರುಡರಿಗೆ ಹಾಡಿನ ಸ್ಪರ್ಧಾ ಐತಪಾ" ಎಂದರು.

"ನನಗ ಹಾಡ ಬರೂದಿಲ್ರಿ. ಮಂದೀನ ಎತ್ತಿ ಒಗೀಲಿಕ್ಕೆ ಬರ್ತೈತಿ."

ಸಾಹೇಬರು ನಕ್ಕರು. ಇವನು ನಗಲಿಲ್ಲ. ಕಡೆಗೆ, ಎದುರಾಳಿಯೂ ಅಂಗವಿಕಲನೇ ಆಗಿದ್ದರೆ ಕುಸ್ತಿಗೂ ಅಡ್ಡಿಯಿಲ್ಲವೆಂದು ಒಪ್ಪಿದರು. ಬಾದಾಮಿ ಕಡೆಯಿಂದ ಈರಪ್ಪ ಎಂಬ ಕಿವುಡ ಪೈಲವಾನ ಸಿಕ್ಕ. ಹುಟ್ಟಾ ಕಿವುಡ, ಮೂಕ. ಪಾಪ ಸುತ್ತುತ್ತದೆಂಬ ಮಾತು ಅವನ ಕಿವಿಗೆ ಎಂದೂ ಬಿದ್ದಿರಲಿಲ್ಲ.

ಅಂದು ಹೆಂಗಸರಿಗೂ ಪೆಂಡಾಲಿನಲ್ಲಿ ಕುರ್ಚಿ ಹಾಕಿದ್ದರು. ಕುಸ್ತಿಯನ್ನು ನಾನು ಕಣ್ಣಿಂದ ಕಂಡದ್ದು ಅಂದೇ. ನನ್ನ ಪಕ್ಕಕ್ಕೆ ಈರಪ್ಪನ ತಾಯಿ ಸಂಗವ್ವ ಕೂತಿದ್ದಳು.

"ಆ ಕುರುಡ ನಿಮ್ಮಾಂವೇನ್ರಿ? ಎಲುಬ ಕಟ್ಟಾವರು ಈ ಊರಾಗ ಅದಾರಿಲ್ರಿ?"

"ಅದಾರವ್ವ. ಮೊದಲ ನಿನ್ನ ಮಗನ್ನ ತೋರಿಸಿಕೊಂಡ ಹೋಗ."

ಅವಳು ಎಲೆ ಅಡಿಕೆ ಮುಂದೆ ಮಾಡಿದಳು. ಇಬ್ಬರೂ ಹಾಕಿಕೊಂಡೆವು.

ಮೈದಾನದ ನಡುವೆ ಕೆಮ್ಮಣ್ಣು ಹರವಿ, ಸುತ್ತ ಸುಣ್ಣದ ಗೆರೆ ಎಳೆದಿದ್ದರು. ಗೆರೆ ದಾಟಿದರೆ ಬಿಟ್ಟು ಬೇರೆಯಾಗಬೇಕು. ಕುರುಡನಿಗೆ ಗೊತ್ತಾಗಲು ಸೀಟಿ, ಕಿವುಡನಿಗೆ ಗೊತ್ತಾಗಲು ಕೆಂಪು ವಸ್ತ್ರ. ಪಂಚನೊಬ್ಬ ಎರಡನ್ನೂ ಹಿಡಿದು ನಿಂತ. ಎಲ್ಲರಿಗೂ ಇದು ಸರಿ ಕಂಡಿತು.

ಕೈ ಕೊಟ್ಟರು. ಕೊಟ್ಟದ್ದೇ ತಡ ಈರಪ್ಪ ಇವನ ಕೊರಳಿಗೆ ಮುಂಗೈ ಹಾಕಿ ನೆಲಕ್ಕೆ ತಿಕ್ಕಿದ. ಹೊಳಬಸಪ್ಪನ ಬಾಯಿಂದ ಕೆಂಪು ಉಗುಳು ಹಾರಿತು. ಅವನು ಎದ್ದು, ಹಣೆಯಿಂದ ಈರಪ್ಪನ ಮೂಗಿಗೆ ಗುದ್ದಿದ. ಮೂಗು ಮುರಿದು ಈರಪ್ಪನ ಎದೆಯೆಲ್ಲ ರಕ್ತವಾಯಿತು. ಸಂಗವ್ವ ನನ್ನ ತೋಳು ಚಿವುಟುತ್ತಿದ್ದಳು. ಅವಳಿಗೆ ಅದರ ಅರಿವಿರಲಿಲ್ಲ.

ಜಗ್ಗಾಡುತ್ತ ಇಬ್ಬರೂ ಗೆರೆ ದಾಟಿದರು. ಪಂಚ ಸೀಟಿ ಊದಿದ. ವಸ್ತ್ರ ಬೀಸಿದ. ಸೀಟಿ ಕೇಳಿ ಹೊಳಬಸಪ್ಪ ಮೈ ಸಡಿಲ ಬಿಟ್ಟ. ಈರಪ್ಪನ ಮೋರೆ ಇವನ ಕಂಕುಳಲ್ಲಿ ಹುದುಗಿತ್ತು. ಅವನಿಗೆ ವಸ್ತ್ರ ಎಲ್ಲಿ ಕಂಡೀತು? ಎದುರಾಳಿ ಸೋಲುತ್ತಿದ್ದಾನೆ ಎಂದು ತಿಳಿದು, ಹಿಡಿದ ಕೈಯನ್ನು ಪೂರಾ ಬಲ ಹಾಕಿ ಹಿಂದಕ್ಕೆ ತಿರುವಿದ. ಹೊಳಬಸಪ್ಪನ ಕೈ ಹಸಿ ಟೊಂಗೆಯಂತೆ ಮುರಿಯಿತು.

ಮಂದಿ ಎದ್ದು ನಿಂತರು. ಈರಪ್ಪ ತಲೆಯೆತ್ತಿ ವಸ್ತ್ರ ಕಂಡ, ಜೋತುಬಿದ್ದ ಕೈ ಕಂಡ. ಗಂಟಲಿನಿಂದ ಏನೋ ಕೂಗಿ ಎರಡೂ ಕೈ ಮುಗಿದ. ಕೃಷ್ಣಾಜಿ ಸಾಹೇಬರು "ಸಾಕು, ಸಾಕು, ಜೀಪು ತರ್ರಿ" ಎಂದು ಓಡಿಬಂದರು.

"ಯಾರೂ ಬರಬ್ಯಾಡ್ರಿ!" ಹೊಳಬಸಪ್ಪ ಒದರಿದ. "ಇನ್ನಾ ಮುಗದಿಲ್ಲ."

ಒಂದೇ ಕೈ ಚಾಚಿ ತಡಕಿ ಈರಪ್ಪನ ಭುಜ ಹಿಡಿದ. ಈರಪ್ಪ ಹಿಡಿತ ಹಾಕಲಿಲ್ಲ, ಸುಮ್ಮನೆ ನಿಂತ. ಅವನ ಮೈ ಮೆತ್ತಗಾದದ್ದು ಇವನಿಗೆ ಗೊತ್ತಾಯಿತು. ಅಲ್ಲಿಂದ ಕೆನ್ನೆ ತಡಕಿ ಫಟೀರೆಂದು ಹೊಡೆದ. ಮತ್ತೆ ಹೊಡೆದ. ಮುರಿದ ಮೂಗಿನ ಮೇಲೆಯೇ ಏಟು ಬಿತ್ತು.

ಸಂಗವ್ವ ಹಲ್ಲು ಕಡಿದಳು: "ಎತ್ತಿ ಒಗಿಯೋ ಅವನ್ನ, ನನ್ನಪ್ಪಾ!" ಮಗನಿಗೆ ಕೇಳಿಸುವುದಿಲ್ಲ ಎಂಬುದೂ ಅವಳಿಗೆ ಮರೆತಿತ್ತು.

ಈರಪ್ಪನ ಕಣ್ಣು ಕೆಂಡವಾಯಿತು. ಬಗ್ಗಿ, ಇವನ ತೊಡೆಗೆ ಕೈ ಕೊಟ್ಟು ಹೆಗಲ ಮೇಲೆ ಎತ್ತಿ, ತಿರುಗಿಸಿ ಅಪ್ಪಳಿಸಿದ. ಎದೆಯ ಮೇಲೆ ಮೊಣಕಾಲೂರಿ ಎರಡೂ ಭುಜ ಮಣ್ಣಿಗೆ ಒತ್ತಿ ಹಿಡಿದ. ಅಂಥ ಸಪ್ಪಳವನ್ನು ನಮ್ಮ ಹಿತ್ತಲ ಗೋಡೆ ಎಂದೂ ಕೇಳಿಸಿರಲಿಲ್ಲ.

ಸಾಹೇಬರು ಮೈಕು ತೆಗೆದುಕೊಂಡು, "ಇಬ್ಬರಿಗೂ ಮೊದಲನೇ ಬಹುಮಾನ. ಈ ವರ್ಷದಾಗ ಸೋತವರು ಅಂತ ಯಾರೂ ಇಲ್ಲ" ಎಂದರು. ಚಪ್ಪಾಳೆ ಬಿದ್ದವು.

ಹೊಳಬಸಪ್ಪ ಎದ್ದ. ದನಿ ಬಂದ ಕಡೆಗೆ ನುಗ್ಗಿ ಹೋದ. ಸಾಹೇಬರು ಹಿಂದೆ ಸರಿದರು, ಮೇಜು ಉರುಳಿತು, ಬಹುಮಾನದ ಕಪ್ಪುಗಳು ಚೆಲ್ಲಾಪಿಲ್ಲಿಯಾದವು. ಒಂದೇ ಕೈಯಲ್ಲಿ ಮೈಕಿನ ಕೊರಳು ಹಿಡಿದ.

"ನನ್ನ ಸೋಲ ಕಸ್ಕೋಬ್ಯಾಡ್ರಿ ಸಾಹೇಬ್ರ. ಎಂಥಾ ಕಷ್ಟದಾಗ ಸಿಕ್ಕೈತಿ ಅದು. ಕೇಳ್ರೆಪೋ ಹುನಗುಂದದವರು! ಹೊಳಬಸಪ್ಪ ಚಿತ್ ಆದ. ಬಾದಾಮಿ ಈರಪ್ಪ ಕೆಡವಿದ. ಖರೆ ಕೆಡವಿದ!"

ಆಗ ಕಂಪೌಂಡ ಗೋಡೆಯ ಮೇಲೆ ಕೂತಿದ್ದ ಯಾವನೋ, ಸೋತ ಪೈಲವಾನನಿಗೆ ಎಲ್ಲೆಡೆ ಕೂಗುವ ಹಾಗೆ, ದೊಡ್ಡ ದನಿಯಲ್ಲಿ ಕೂಗಿದ.

"ಏ ಹೊಳಬಸ್ಯಾ! ಮಣ್ಣ ರುಚಿ ಹೆಂಗಿತ್ತಲೇ?"

ಹೊಳಬಸಪ್ಪ ಬಾಯೊಳಗಿನ ರಕ್ತ ಉಗುಳಿದ, ಗೋಡೆಯ ಕಡೆ ಮೋರೆ ತಿರುವಿದ.

"ನಿಮ್ಮವ್ವನ ಸಾರಿಗಿಂತ ಚಲೋ ಇತ್ತ ಬಿಡಲೇ!"

ಮೈದಾನಕ್ಕೆ ಮೈದಾನವೇ ನಕ್ಕಿತು. ಸೀಟಿ ಹೊಡೆದರು, ಕೇಕೆ ಹಾಕಿದರು, ಇನ್ನೂ ಹೊಲಸು ಹೊಲಸಾಗಿ ಚೇಷ್ಟೆ ಮಾಡಿದರು. ಜೀಪಿಗೆ ಹತ್ತಿಸುವ ತನಕ ಅವನು ಒಬ್ಬೊಬ್ಬರಿಗೂ ತಿರುಗಿ ಉತ್ತರ ಕೊಡುತ್ತಲೇ ಇದ್ದ.